ಪೆಟ್ಟಿಗೆ ಮುಚ್ಚಿದರೂ ನಿಲ್ಲದ ಸದ್ದು

ಜನರೇಟರಿನ ಪೆಟ್ಟಿಗೆಯೊಳಗೆ ಸ್ಪಂಜು ಅಂಟಿಸಿದ ಮೇಲೂ ದೋಣಿಯ ಮಲಗುವ ಕೋಣೆಯಲ್ಲಿ ಗುಂಯ್‌ಗುಡುವುದು ನಿಂತಿಲ್ಲ ಎಂದಿದ್ದೀರಿ. ಅದು ಬಹುಶಃ ಗಾಳಿಯಲ್ಲಿ ಬರುವ ಸದ್ದಲ್ಲ, ದೋಣಿಯ ಮೈಯಲ್ಲೇ ಹರಿಯುವ ಕಂಪನ. ಯಂತ್ರ ಓಡುತ್ತಿರುವಾಗ ಸುತ್ತಲಿನ ಹಲಗೆಗಳ ಮೇಲೆ ಅಂಗೈಯಿಟ್ಟು ನೋಡಿ, ನಡುಗುವ ಜಾಗ ತಾನಾಗಿ ಸಿಗುತ್ತದೆ. ಯಂತ್ರವನ್ನು ಹೊತ್ತು ಕಂಪನ ತಡೆಯುವ ಕೆಳಗಿನ ರಬ್ಬರ್ ಮೌಂಟುಗಳು ಡೀಸೆಲ್ ಸೋಕಿ ಉಬ್ಬಿದ್ದರೆ ಬದಲಿಸಿ; ಹೊಸವು ಯಂತ್ರದ ತೂಕಕ್ಕೆ ತಕ್ಕವೇ ಆಗಿರಲಿ. ನೀರಿನ, ಇಂಧನದ, ಹೊಗೆಯ ಕೊಳವೆಗಳ ಮೂಲಕ ಕಂಪನ ದಾಟದಂತೆ, ಅವು ಎಳೆದು ಬಿಗಿದಂತಿರದೆ ಬಳುಕುವ ತಿರುವಿನಲ್ಲಿರಲಿ. ಗೋಡೆಗೆ ಬಿಗಿದ ಒಂದೇ ಒಂದು ಕ್ಲಾಂಪು ಸಾಕು, ಅಷ್ಟೂ ಶ್ರಮ ನೀರುಪಾಲಾಗಲು! ಸ್ಪಂಜು ಮುಖ್ಯವಾಗಿ ಚೂಪು ಸದ್ದನ್ನು ಹೀರುತ್ತದೆ. ಗುಂಯ್‌ಗುಡುವ ಕೆಳದನಿ ತಡೆಯಲು ಸದ್ದು ತಡೆಯುವ ಭಾರವಾದ ಹಾಳೆ ಬೇಕು. ನಿಮಿಷಕ್ಕೆ 3000 ಸುತ್ತಿನ ಯಂತ್ರದಿಂದ 1500 ಸುತ್ತಿನದರಷ್ಟು ಮೌನ ನಿರೀಕ್ಷಿಸಬೇಡಿ. ಅಂಟಿಸಿರುವುದು ಹಾಸಿಗೆಯ ಸ್ಪಂಜಾಗಿದ್ದರೆ ದಯವಿಟ್ಟು ಇಂದೇ ಕಿತ್ತುಹಾಕಿ, ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಗಾಳಿಕಿಂಡಿಯನ್ನಂತೂ ಎಂದಿಗೂ ಮುಚ್ಚಬೇಡಿ.