ಪೌಡರ್ ಟಾಯ್ ಒಳಗ ಟೆಂಪರೇಚರ್ 9725.85ಕ್ಕ ಯಾಕ ನಿಂತ್ ಬಿಡ್ತೈತಿ?

ಇದು ಬಗ್ ಅಲ್ರಿ, ನಿಮ್ಮ ರಿಯಾಕ್ಟರ್ ಸರಿನ ಐತಿ. ನೀವು ಕೇಳಿದ್ದು, ದಿ ಪೌಡರ್ ಟಾಯ್ (ನೀರು, ಲೋಹ, ಗ್ಯಾಸ್ ಎಲ್ಲಾ ಕಣ ಕಣ ಹಾಕಿ ಆಡೋ ಕಂಪ್ಯೂಟರ್ ಗೇಮ್) ಒಳಗ ಕಟ್ಟಿದ ರಿಯಾಕ್ಟರಿಗೆ ಎಷ್ಟ ಹೀಟ್ ಕೊಟ್ರೂ 9725.85 ದಾಟಂಗಿಲ್ಲ, ಕೂಲ್ ಮಾಡ್ಕೋತ ಹೋದ್ರ -273.15ಕ್ಕ ನಿಂತ್ ಬಿಡ್ತೈತಿ, ಮತ್ತ 9725.85ಕ್ಕ ಇಟ್ಟ ಟಿಎಸ್ಎನ್ಎಸ್, ಅಂದ್ರ ಬಿಸಿ ಗುರ್ತಿಸೋ ಸೆನ್ಸರ್, ಕೆಲಸನ ಮಾಡವಲ್ದು ಅಂತ. ಮೂರಕ್ಕೂ ಬೇರು ಒಂದ ಕಡೆ ಐತಿ. ಗೇಮ್ ಒಳಗಿನ ಲೆಕ್ಕ ಎಲ್ಲಾ ಕೆಲ್ವಿನ್‌ನ್ಯಾಗ ನಡೀತೈತಿ, ನಮಗ ಸ್ಕ್ರೀನ್ ಮ್ಯಾಲೆ ತೋರ್ಸೂದು ಸೆಲ್ಸಿಯಸ್.

ಒಂದೊಂದು ಕಣಕ್ಕೂ ಒಂದು ಟೆಂಪರೇಚರ್ ನಂಬರ್ ಇರ್ತೈತಿ, ಅದು 0ಯಿಂದ 9999 ಕೆಲ್ವಿನ್ ಒಳಗ ಇರ್ಬೇಕು, ಅದಕ್ಕಿಂತ ಹೆಚ್ಚು ಕಡಿಮಿ ಆದ್ರ ಪ್ರೋಗ್ರಾಮ್ ಹಿಡದು ಗಡಿಗೆ ತಂದು ನಿಲ್ಲಸ್ತೈತಿ. 9999ರಾಗ 273.15 ಕಳೀರಿ, ನಿಮ್ಮ 9725.85 ಬಂತು. ಸೆಟ್ಟಿಂಗ್ಸ್‌ನ್ಯಾಗ ಯೂನಿಟ್ ಕೆಲ್ವಿನ್ ಮಾಡಿ ನೋಡ್ರಿ, ಅದ ಕಣ 9999 ತೋರಸ್ತೈತಿ, ಫ್ಯಾರನ್‌ಹೀಟ್ ಮಾಡಿದ್ರ 17538.53.

ಕೆಳಗಿನ ಗಡಿ, ಅಂದ್ರ 0 ಕೆಲ್ವಿನ್, ನಿಮ್ಮ -273.15 ಸೆಲ್ಸಿಯಸ್, ನಿಸರ್ಗದ್ದು, ಸೊನ್ನೆ ಕೆಲ್ವಿನ್‌ಕಿಂತ ತಣ್ಣಗ ಹೋಗಾಕ ಖರೇ ಜಗತ್ತಿನ್ಯಾಗೂ ದಾರಿ ಇಲ್ಲ. ಮ್ಯಾಲಿನ ಗಡಿ ಮಾತ್ರ ಪ್ರೋಗ್ರಾಮ್ ಬರದವ್ರು ಇಟ್ಟಿದ್ದು. ನಮ್ಮ ಹುಬ್ಬಳ್ಳಿ ಕಡೆ ಏಪ್ರಿಲ್ ಮೇದಾಗ ಸಂಜಿಮುಂದ ಅಡ್ಡಮಳಿ ಬರ್ತೈತಲ್ಲ, ಆಗ ಹೊಡಿಯೋ ಸಿಡಿಲಿನ ದಾರಿಯೊಳಗಿನ ಗಾಳಿನ ಸುಮಾರು 30,000 ಕೆಲ್ವಿನ್ ಕಾಯ್ತೈತಿ, ಸೂರ್ಯನ ನಡುಮಧ್ಯ ಅಂತೂ ಸುಮಾರು 1.5 ಕೋಟಿ ಡಿಗ್ರಿ. ಆದ್ರ ಗೇಮ್‌ನ್ಯಾಗ ಅಷ್ಟು ಬೇಕಾಗಂಗಿಲ್ಲ, ಯಾಕಂದ್ರ ಅಲ್ಲಿ ಹೈಡ್ರೋಜನ್ ಫ್ಯೂಷನ್ ಆಗಾಕ 2000 ಡಿಗ್ರಿ ಸೆಲ್ಸಿಯಸ್ ದಾಟಿ ಪ್ರೆಷರ್ 50ರ ಮ್ಯಾಲೆ ಇದ್ರ ಸಾಕು, ಟಂಗ್‌ಸ್ಟನ್ ಕರಗೂದು ಖರೇ ಲೋಹದಂಗ 3422 ಡಿಗ್ರಿಗೆ.

ಯೂನಿಟ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಎಲ್ಲಾರೂ ಎಡವೂದು ಇಲ್ಲೇ. ಹೋದ ದೀಪಾವಳಿ ಸೂಟಿಗೆ ನಮ್ಮ ಅಕ್ಕನ ಮಗ ಧಾರವಾಡದಿಂದ ಬಂದಿದ್ದ, ಎಂಟನೇ ಕ್ಲಾಸ್ ಹುಡುಗ. ಒಂದು ಪಾತ್ರಿ ಬರದು ನೀರು ತುಂಬಿ, ಕುದಸ್ತೀನಿ ನೋಡ್ ಮಾಮಾ ಅಂತ ಕನ್ಸೋಲ್ (ಗೇಮಿಗೆ ಕಮಾಂಡ್ ಬರಿಯೋ ಜಾಗ) ತಗದು ಲುವಾ ಅನ್ನೋ ಪ್ರೋಗ್ರಾಮಿಂಗ್ ಭಾಷಾದಾಗ ಎಲ್ಲಾ ನೀರಿಗೆ ಟೆಂಪ್ 100 ಅಂತ ಹೊಡದ. ಹಬಿ ಏಳೂದು ಬಿಟ್ಟು ನೀರೆಲ್ಲಾ ಒಮ್ಮೆಲೆ ಬರ್ಫ್ ಆಗಿ ಗಟ್ಟಿ ಕುಂತ್ ಬಿಡ್ತು! ಅದರ ಮ್ಯಾಲೆ ಮೌಸ್ ಇಟ್ರ -173.15 ಅಂತ ತೋರಸ್ತಿತ್ತು. ಲುವಾ ಯಾವಾಗ್ಲೂ ಕೆಲ್ವಿನ್ ಅಂತನ ತಿಳ್ಕೊಂತೈತಿ, ಅವಗ 374 ಹಾಕು ಅಂದೆ, ಹಾಕಿದ, ಹಬಿ ಎದ್ದು ಪಾತ್ರಿ ಬಿಟ್ಟು ಮ್ಯಾಲೆ ಹೋತು. ಅವನ ಮಾರಿ ನೋಡ್ಬೇಕಿತ್ತು ನೀವು, ಆವತ್ತು ಕೆಲ್ವಿನ್ ಅವನ ತಲಿಯೊಳಗ ಕುಂತಂಗ ಯಾವ ಪಾಠದಾಗೂ ಕುಂತಿದ್ದಿಲ್ಲ.

ನಮ್ಮ ಮನಿಯೊಳಗ ಹುಡುಗ್ರಿಗೆ ಜ್ವರ 102 ಅಂತೀವಿ, ಹೊರಗ ಬಿಸಲು 38 ಅಂತೀವಿ, ಯೂನಿಟ್ ಹೆಸರ ತಗಿಯಂಗಿಲ್ಲ, ಮಾತಿನ ಮ್ಯಾಲೆ ಎಲ್ಲಾರಿಗೂ ತಿಳೀತೈತಿ. ಕಂಪ್ಯೂಟರಿಗೆ ಹಂಗ ತಿಳಿಯಂಗಿಲ್ಲಲ್ಲ. ಅದಕ್ಕ ಕಣದ ಟೆಂಪರೇಚರ್‌ನಂಥ ಗುಣ ಬದಲ್ ಮಾಡೋ ಪ್ರಾಪರ್ಟಿ ಟೂಲ್‌ನ್ಯಾಗಾಗಲಿ ಕನ್ಸೋಲಿನ ಸೆಟ್ ಕಮಾಂಡ್‌ನ್ಯಾಗಾಗಲಿ ನಂಬರ್ ಹಿಂದನ ಸಿ ಅಥವಾ ಎಫ್ ಅಕ್ಷರ ಅಂಟಿಸಿ ಹೊಡೀರಿ, 100ಸಿ ಅಂದಂಗ. ಪ್ರಾಪರ್ಟಿ ಟೂಲ್‌ನ್ಯಾಗ ಬರೇ ನಂಬರ್ ಹೊಡದ್ರ ಹಳೇ ವರ್ಷನ್‌ನ್ಯಾಗ ಅದು ಕೆಲ್ವಿನ್, ಹೊಸದ್ರಾಗ ನೀವು ಸೆಟ್ಟಿಂಗ್ಸ್‌ನ್ಯಾಗ ಆರಿಸಿದ ಯೂನಿಟ್, ಹಿಂಗಾಗಿ ಯಾರದೋ ಹಳೇ ವಿಡಿಯೋ ನೋಡ್ಕೋತ ಮಾಡಿದ್ರ ಉತ್ತರ ಬ್ಯಾರೆ ಬರ್ತೈತಿ.

ಇನ್ನ ನಿಮ್ಮ ಸೆನ್ಸರ್. ಟಿಎಸ್ಎನ್ಎಸ್ ತನ್ನ ಟೆಂಪರೇಚರ್‌ಕಿಂತ ಬಾಜೂಕಿನ ಕಣ ಹೆಚ್ಚು ಬಿಸಿ ಇದ್ರ ಮಾತ್ರ ಸ್ಪಾರ್ಕ್, ಅಂದ್ರ ಕರೆಂಟ್ ಸಿಗ್ನಲ್, ಕೊಡ್ತೈತಿ, ಸಮ ಇದ್ರ ಕೊಡಂಗಿಲ್ಲ. ನೀವು ಸೆನ್ಸರನ್ನ 9725.85ಕ್ಕ ಇಟ್ಟೀರಿ, ಅದಕ್ಕಿಂತ ಬಿಸಿ ಆಗೋ ಕಣ ಆ ಗೇಮ್‌ನ್ಯಾಗ ಹುಟ್ಟಂಗಿಲ್ಲ, ಮತ್ತ ಅಲಾರಂ ಹೆಂಗ ಹೊಡೀಬೇಕ್ರಿ? ಅದನ್ನ 9000ಸಿಗೆ ಇಳಿಸಿ ರಿಯಾಕ್ಟರ್ ಇನ್ನೊಮ್ಮೆ ಚಾಲೂ ಮಾಡ್ರಿ, ಸ್ಪಾರ್ಕ್ ಬರ್ತೈತಿ.