ನಿಮ್ಮ ಲೇಖನದಲ್ಲಿ ಆಡ್ಲರ್ ಎಲ್ಲಿ?

ಆತ್ಮೀಯರೇ, ನಮಸ್ಕಾರ.

ಶಿಕಾಗೊದ ‘ಆಡ್ಲರ್ ಅಂಡ್ ಸಲಿವನ್’ ವಾಸ್ತುಶಿಲ್ಪ ಸಂಸ್ಥೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸುಸ್ತಾಯಿತು, ಎರಡನೇ ಸಲ ಬೇಸರವಾಯಿತು. ನೀವು ಸ್ಟ್ರಕ್ಚರಲ್ ಎಂಜಿನಿಯರ್, ಮೂರು ವರ್ಷದಿಂದ ಅದೇ ಊರಿನಲ್ಲಿದ್ದೀರಿ, ಕೆಲಸಕ್ಕೆ ಹೋಗುವಾಗ ಈ ಕಟ್ಟಡಗಳ ಮುಂದೆಯೇ ಹಾದುಹೋಗುತ್ತೀರಿ. ಕನ್ನಡದಲ್ಲಿ ಈ ವಿಷಯ ಬರೆಯಲು ನಿಮ್ಮಷ್ಟು ತಕ್ಕವರು ಹೆಚ್ಚು ಜನ ಸಿಗಲಾರರು. ಆದರೆ ಲೇಖನದೊಳಗೆ ನೀವೂ ಇಲ್ಲ, ನಿಮ್ಮ ಎಂಜಿನಿಯರಿಂಗೂ ಇಲ್ಲ. ಬೇಸರ ಅದಕ್ಕೆ. ಈಗಿರುವಂತೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನೀವು ಮತ್ತೆ ಬರೆಯುತ್ತೀರಿ ಎಂಬ ನಂಬಿಕೆ ಇರುವುದರಿಂದಲೇ ಇಷ್ಟು ಉದ್ದದ ಪತ್ರ.

ಮೊದಲು ನಿಮ್ಮ ಒಂದು ಒಳ್ಳೆಯ ಸಾಲು. ಅದು ಲೇಖನದಲ್ಲಿಲ್ಲ, ಜೊತೆಗೆ ಕಳಿಸಿದ ಇಮೇಲ್‌ನಲ್ಲಿದೆ: “ಆಡಿಟೋರಿಯಮ್ ಕಟ್ಟಡದ ಲಾಬಿಯಲ್ಲಿ ನಡೆಯುವಾಗ ನೆಲ ಇಳಿಜಾರಾಗಿರುವುದು ಕಾಲಿಗೆ ಗೊತ್ತಾಯಿತು, ಒಂದು ಗಳಿಗೆ ನನಗೇ ತಲೆ ಸುತ್ತಿತೇನೋ ಅಂದುಕೊಂಡೆ.” ಇದನ್ನು ಓದಿ ಲೇಖನ ತೆರೆದೆ. ಅಲ್ಲಿ ಸಿಕ್ಕಿದ್ದು: “1889ರಲ್ಲಿ ಪೂರ್ಣಗೊಂಡ ಆಡಿಟೋರಿಯಮ್ ಕಟ್ಟಡವು ಸಲಿವನ್ ಅವರ ಅಪ್ರತಿಮ ಪ್ರತಿಭೆಗೆ ಸಾಕ್ಷಿಯಾಗಿ ನಿಂತಿದೆ.” ಕಾಲಿಗೆ ತಾಗಿದ ನೆಲವನ್ನು ಇಮೇಲ್‌ನಲ್ಲೇ ಬಿಟ್ಟು, ಯಾರು ಬೇಕಾದರೂ ಎಲ್ಲಿ ಬೇಕಾದರೂ ಬರೆಯಬಹುದಾದ ಸಾಲನ್ನು ಲೇಖನಕ್ಕೆ ತಂದಿದ್ದೀರಿ. ನಿಮ್ಮ ಬರಹದ ಮುಖ್ಯ ತೊಂದರೆ ಇಷ್ಟೇ.

ಆ ನೆಲ ಯಾಕೆ ಇಳಿಜಾರಾಯಿತು? ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಶಿಕಾಗೊದ ಅಡಿಯಲ್ಲಿರುವುದು ಮೆತ್ತನೆಯ ಜೇಡಿಮಣ್ಣು, ಗಟ್ಟಿ ಬಂಡೆ ತುಂಬಾ ಆಳದಲ್ಲಿದೆ. ಮರದ ದಿಮ್ಮಿ, ಅದರ ಮೇಲೆ ಅಡ್ಡಡ್ಡ ಉದ್ದುದ್ದ ಇಟ್ಟ ಉಕ್ಕಿನ ಹಳಿಗಳು, ಅವನ್ನೆಲ್ಲ ಮುಚ್ಚುವ ಕಾಂಕ್ರೀಟು, ಹೀಗೆ ತೆಪ್ಪದಂಥ ಪಾಯವನ್ನು ಆಡ್ಲರ್ ಮಣ್ಣಿನ ಮೇಲೆ ತೇಲಿಬಿಟ್ಟರು. ಗೋಪುರ 17 ಅಂತಸ್ತಿನದು, ಪಕ್ಕದ ಭಾಗ 10 ಅಂತಸ್ತಿನದು. ಭಾರ ಬೇರೆ ಬೇರೆ, ಆದ್ದರಿಂದ ಮಣ್ಣಿನಲ್ಲಿ ಇಳಿದು ಕೂರುವುದೂ ಬೇರೆ ಬೇರೆ. ಗೋಪುರ ಮೇಲೇಳುವ ಮೊದಲೇ ಅದರ ಪಾಯದ ಮೇಲೆ ಕಬ್ಬಿಣದ ಗಟ್ಟಿಗಳನ್ನೂ ಇಟ್ಟಿಗೆಗಳನ್ನೂ ಪೇರಿಸಿ, ಮುಂದೆ ಬರಲಿರುವ ಭಾರವನ್ನು ಮೊದಲೇ ಹೇರಿ, ಎಲ್ಲ ಒಟ್ಟಿಗೆ ಕೂರುವ ಹಾಗೆ ನೋಡಿಕೊಂಡರು. ಮೇಲಿನ ಗೋಡೆ ಎದ್ದಂತೆಲ್ಲ ಆ ಗಟ್ಟಿಗಳನ್ನು ತೆಗೆಯುತ್ತ ಬಂದರು. ಆದರೆ ಪಾಯದ ಲೆಕ್ಕ ಮುಗಿದ ಮೇಲೆ ಹೊರಗೋಡೆಗಳಿಗೆ ಭಾರದ ಕಲ್ಲು ಬೇಕೆಂದು ತೀರ್ಮಾನವಾಯಿತು. ಗೋಡೆ ಲೆಕ್ಕ ಮೀರಿ ಕೂತಿತು, ಒಂದು ಅಡಿಗೂ ಹೆಚ್ಚು. ನಿಮ್ಮ ಪಾದಕ್ಕೆ ತಾಗಿದ್ದು ಆ ಲೆಕ್ಕದ ವ್ಯತ್ಯಾಸ.

ಈ ಒಂದು ಪ್ಯಾರಾ ಬರೆಯಲು ಬೇಕಾದದ್ದೆಲ್ಲ ನಿಮ್ಮ ತಲೆಯಲ್ಲೇ ಇತ್ತು. ಅದರ ಬದಲು 14 ಕಟ್ಟಡಗಳ ಹೆಸರು, ಇಸವಿ, ಊರು ಕೊಟ್ಟು ಪ್ರತಿಯೊಂದಕ್ಕೂ ‘ಭವ್ಯ’, ‘ಅದ್ಭುತ’, ‘ಗಗನಚುಂಬಿ’ ಎಂಬ ಒಂದೊಂದು ವಿಶೇಷಣ ಅಂಟಿಸಿದ್ದೀರಿ. (‘ಗಗನಚುಂಬಿ’ ಹನ್ನೊಂದು ಸಲ ಬಂದಿದೆ. 10 ಅಂತಸ್ತಿನ ಕಟ್ಟಡಕ್ಕೆ ಆ ಪದ ಈಗಿನ ಓದುಗರ ಕಣ್ಣಿಗೆ ಕಟ್ಟುವುದಿಲ್ಲ. ‘ಹತ್ತು ಮಹಡಿ’ ಎಂದರೆ ಕಟ್ಟುತ್ತದೆ.)

ಇನ್ನು ಆಡ್ಲರ್ ವಿಷಯಕ್ಕೆ ಬರುತ್ತೇನೆ. ಸಂಸ್ಥೆಯ ಹೆಸರಿನಲ್ಲಿ ಮೊದಲು ಬರುವುದು ಆಡ್ಲರ್. ನಿಮ್ಮ ಎಂಟು ಪುಟದಲ್ಲಿ ಡ್ಯಾಂಕ್‌ಮಾರ್ ಆಡ್ಲರ್ ಎಂಬ ಹೆಸರು ಬರುವುದು ಮೂರು ಸಲ, ಮೂರೂ ಸಲ ‘ಪಾಲುದಾರ’ ಎಂಬ ಪದದ ಜೊತೆ. ಸಲಿವನ್ ಅವರ ಕೆಳಗೆ ದುಡಿದು ಮುಂದೆ ಹೆಸರಾಂತ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್ ಅವರಿಗೆ ಮಾತ್ರ ಒಂದೂವರೆ ಪುಟ. ರೈಟ್ ಇಲ್ಲಿದ್ದದ್ದು 1888ರಿಂದ 1893ರವರೆಗೆ. ಅವರು ದೊಡ್ಡವರು, ನಿಜ, ಆದರೆ ಆ ಒಂದೂವರೆ ಪುಟ ಬೇರೆ ಲೇಖನದ್ದು, ತೆಗೆದುಬಿಡಿ.

ಆಡ್ಲರ್ ಹುಟ್ಟಿದ್ದು ಜರ್ಮನಿಯಲ್ಲಿ, 1844ರಲ್ಲಿ. ಹತ್ತು ವರ್ಷದ ಹುಡುಗನಾಗಿದ್ದಾಗ ತಂದೆಯ ಜೊತೆ ಅಮೆರಿಕಕ್ಕೆ ಬಂದವರು. ಅಂತರ್ಯುದ್ಧದಲ್ಲಿ ಇಲಿನಾಯ್‌ನ ಫಿರಂಗಿ ದಳದಲ್ಲಿದ್ದರು, ಕೊನೆಗೆ ಸೇನೆಯ ಎಂಜಿನಿಯರ್‌ಗಳ ಜೊತೆ ನಕ್ಷೆ ಕೆಲಸ ಮಾಡಿದರು. ಶಬ್ದ ಎಲ್ಲಿಗೆ ಹೇಗೆ ತಲುಪುತ್ತದೆ ಎಂಬುದರಲ್ಲಿ ಅವರ ಮಾತಿಗೆ ಎಷ್ಟು ಬೆಲೆ ಇತ್ತೆಂದರೆ, ನ್ಯೂಯಾರ್ಕ್‌ನ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್ ಕಟ್ಟುವಾಗ ಅವರ ಸಲಹೆ ಕೇಳಿದರು. ಲೂಯಿಸ್ ಸಲಿವನ್ ವಯಸ್ಸಿನಲ್ಲಿ ಆಡ್ಲರ್ ಅವರಿಗಿಂತ ಹನ್ನೆರಡು ವರ್ಷ ಚಿಕ್ಕವರು. ಆಡ್ಲರ್ ಕಚೇರಿಗೆ ಬಂದು ಸೇರಿ, 1883ರಲ್ಲಿ ಪೂರ್ಣ ಪಾಲುದಾರರಾದರು. 1895ರಲ್ಲಿ ಇಬ್ಬರೂ ಬೇರೆಯಾದರು. ಈ ಹನ್ನೆರಡು ವರ್ಷವೇ ನಿಮ್ಮ ವಿಷಯ.

‘ಒಬ್ಬರು ಚೆಂದ ಮಾಡಿದರು, ಇನ್ನೊಬ್ಬರು ಗಟ್ಟಿ ಮಾಡಿದರು’ ಎಂದು ಹೇಳಿ ಮುಗಿಸಬೇಡಿ. ಆಡಿಟೋರಿಯಮ್ ಒಳಗಿನ ರಂಗಮಂದಿರಕ್ಕೆ ಹೋಗಿ, ಸೀಟಿನಲ್ಲಿ ಕೂತು ತಲೆ ಎತ್ತಿ. ರಂಗದಿಂದ ನಿಮ್ಮ ಕಡೆಗೆ ಅಗಲವಾಗುತ್ತ ಬರುವ ನಾಲ್ಕು ದೊಡ್ಡ ಕಮಾನುಗಳಿವೆ. ಅವುಗಳ ಮೈತುಂಬ ಬಳ್ಳಿ, ಎಲೆ, ಬಂಗಾರದ ಬಣ್ಣದ ಗಾರೆ ಕೆಲಸ. ಅದು ಸಲಿವನ್ ಅವರದು. ಆದರೆ ಕಮಾನು ಹಾಗೆ ಕಹಳೆಯ ಬಾಯಿಯಂತೆ ಅರಳಿರುವುದು ದನಿ ಹಿಂದಿನ ಸಾಲಿಗೂ ಮುಟ್ಟಲಿ ಎಂದು ಆಡ್ಲರ್ ಹಾಕಿದ ಲೆಕ್ಕ. ಕಮಾನಿನ ಟೊಳ್ಳಿನೊಳಗೆ ಗಾಳಿಯ ಕೊಳವೆ ಓಡುತ್ತದೆ. ಚಿತ್ತಾರದ ಜಾಲಂಧ್ರದಿಂದ ಗಾಳಿ ಒಳಬರುತ್ತದೆ. ಬೇಸಿಗೆಯಲ್ಲಿ ಆ ಗಾಳಿಯನ್ನು ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದರು. ಅದೇ ಕಮಾನಿನ ಅಂಚಿಗೆ ಸಾಲು ಸಾಲಾಗಿ ವಿದ್ಯುತ್ ಬಲ್ಬುಗಳು, ಮುಚ್ಚುಗಾಜಿಲ್ಲದೆ. ದನಿ, ಗಾಳಿ, ಬೆಳಕು, ಬಳ್ಳಿ, ನಾಲ್ಕೂ ಒಂದೇ ಕಮಾನಿನಲ್ಲಿ. ಇಲ್ಲಿ ಆಡ್ಲರ್ ಎಲ್ಲಿ ಮುಗಿದರು, ಸಲಿವನ್ ಎಲ್ಲಿ ಶುರುವಾದರು ಎಂದು ಬೆರಳಿಟ್ಟು ತೋರಿಸಲು ಸಾಧ್ಯವೇ? ನೀವು ಆ ಸೀಟಿನಲ್ಲಿ ಕೂತು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಸುಮಾರು 4,200 ಸೀಟುಗಳ ಆ ಸಭಾಂಗಣದಲ್ಲಿ ಜನ ಕಡಿಮೆ ಇದ್ದಾಗ ಮೇಲಿನ ಗ್ಯಾಲರಿಗಳನ್ನು ಮುಚ್ಚಿಬಿಡಲು ಚಾವಣಿಯ ಹಲಗೆಗಳು ಕೀಲಿನ ಮೇಲೆ ಕೆಳಗಿಳಿಯುವ ವ್ಯವಸ್ಥೆಯೂ ಇತ್ತು. ಇದರ ಬಗ್ಗೆಯೂ ನಿಮ್ಮಲ್ಲಿ ಒಂದು ಸಾಲಿಲ್ಲ.

‘ರೂಪವು ಕಾರ್ಯವನ್ನು ಅನುಸರಿಸುತ್ತದೆ’ ಎಂಬ ಸಲಿವನ್ ಮಾತನ್ನು ನಾಲ್ಕು ಕಡೆ ಉದ್ಧರಿಸಿದ್ದೀರಿ, ಮಂತ್ರದ ಹಾಗೆ. ಆ ಮಾತು ಅಚ್ಚಾದದ್ದು 1896ರ ಪ್ರಬಂಧದಲ್ಲಿ, ಅಂದರೆ ಸಂಸ್ಥೆ ಒಡೆದ ಮೇಲೆ. ಅದನ್ನು ಹಿಂದಕ್ಕೆ ಒಯ್ದು 1883ರಿಂದಲೇ ಎಲ್ಲ ಕಟ್ಟಡಗಳಿಗೂ ಹಚ್ಚಿದ್ದೀರಿ. ಸೇಂಟ್ ಲೂಯಿಸ್‌ನ ವೇನ್‌ರೈಟ್ ಕಟ್ಟಡವನ್ನು (1891) ಅದರ ‘ಪರಿಪೂರ್ಣ ಉದಾಹರಣೆ’ ಎಂದಿದ್ದೀರಿ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹೀಗೆ ಬರೆಯಬಾರದಿತ್ತು. ಆ ಕಟ್ಟಡದ ಮುಂಭಾಗದಲ್ಲಿ ಮೂರನೇ ಅಂತಸ್ತಿನಿಂದ ಮೇಲಕ್ಕೆ ಒಂದೇ ಅಗಲದ ಇಟ್ಟಿಗೆ ಕಂಬಗಳು ಸಾಲಾಗಿ ಏರುತ್ತವೆ. ಒಳಗೆ ಉಕ್ಕಿನ ಕಂಬ ಇರುವುದು ಒಂದು ಬಿಟ್ಟು ಒಂದರಲ್ಲಿ ಮಾತ್ರ. ನಡುವಿನವು ಭಾರ ಹೊರುವುದೇ ಇಲ್ಲ. ಕಣ್ಣು ಮೇಲಕ್ಕೆ ಹರಿಯಲಿ, ಕಟ್ಟಡ ಎತ್ತರವಾಗಿದೆ ಎಂದು ಅನ್ನಿಸಲಿ ಎಂಬುದಕ್ಕಾಗಿಯೇ ಅವು ಅಲ್ಲಿವೆ. ಇದನ್ನು ನಾನು ದೋಷ ಎನ್ನುತ್ತಿಲ್ಲ. ಆ ಕಟ್ಟಡದ ಸೊಗಸೆಲ್ಲ ಇರುವುದೇ ಆ ಸಾಲಿನಲ್ಲಿ. ಎತ್ತರದ ಕಟ್ಟಡ ಎತ್ತರವಾಗಿ ಕಾಣಬೇಕು ಎನ್ನುವುದೂ ಒಂದು ಕಾರ್ಯವೇ ಎಂದು ಸಲಿವನ್ ನಂಬಿದ್ದರೇ? ಆ ವಾದವನ್ನು ನೀವು ಕಟ್ಟಬಹುದು, ಇಲ್ಲವೇ ಒಡೆಯಬಹುದು. ಮಂತ್ರ ಹೇಳಿ ಮುಂದೆ ಹೋಗುವುದು ಮಾತ್ರ ಬೇಡ. ಅದೇ 1896ರಲ್ಲಿ ಆಡ್ಲರ್ ಕೂಡ ವಾಸ್ತುಶಿಲ್ಪಿಗಳ ಮುಂದೆ ಈ ಮಾತನ್ನು ಎತ್ತಿಕೊಂಡು ತಿದ್ದಿದರು: ರೂಪವನ್ನು ತೀರ್ಮಾನಿಸುವುದು ಕಾರ್ಯವೊಂದೇ ಅಲ್ಲ, ಪರಿಸರವೂ ಹೌದು ಎಂದರು. ಬೇರೆಯಾದ ಮೇಲೂ ಇಬ್ಬರೂ ಒಂದೇ ಸಾಲಿನ ಎರಡು ತುದಿ ಹಿಡಿದು ನಿಂತಿದ್ದರು. ಇಂಥ ಚಿತ್ರ ನಿಮ್ಮ ಕೈಗೆ ಸಿಕ್ಕಿತ್ತು.

ತಪ್ಪುಗಳು ಎರಡಿವೆ, ಎರಡೂ ಸಣ್ಣವಲ್ಲ. ಶಿಕಾಗೊದ ಷ್ಲೆಸಿಂಗರ್ ಅಂಡ್ ಮೇಯರ್ ಅಂಗಡಿಯನ್ನು ಸಂಸ್ಥೆಯ ಕೆಲಸ ಎಂದಿದ್ದೀರಿ. ಅದರ ಕೆಲಸ ಶುರುವಾದದ್ದು 1899ರಲ್ಲಿ. ಅದು ಸಲಿವನ್ ಒಬ್ಬರದೇ. ಬಫಲೊದ ಗ್ಯಾರಂಟಿ ಕಟ್ಟಡ ಇಬ್ಬರ ಹೆಸರಿನ ಕೊನೆಯ ದೊಡ್ಡ ಕೆಲಸ. ಅದು 1896ರಲ್ಲಿ ಮುಗಿಯುವ ಹೊತ್ತಿಗೆ ಪಾಲುದಾರಿಕೆ ಮುರಿದಿತ್ತು. ಎರಡನೆಯದು, 1893ರಲ್ಲಿ ಸ್ವಾಮಿ ವಿವೇಕಾನಂದರು ‘ಈ ಸಂಸ್ಥೆ ಕಟ್ಟಿದ ಮಂಟಪದ ನೆರಳಿನಲ್ಲೇ’ ಮಾತಾಡಿದರು ಎಂದು ಬರೆದಿದ್ದೀರಿ. ಆಡ್ಲರ್–ಸಲಿವನ್ ಕಟ್ಟಿದ ಸಾರಿಗೆ ಮಂಟಪ ಇದ್ದದ್ದು ಊರಿನ ದಕ್ಷಿಣಕ್ಕೆ ಜಾಕ್ಸನ್ ಪಾರ್ಕಿನಲ್ಲಿ ಆ ವರ್ಷ ನಡೆದ ವಿಶ್ವಮೇಳದಲ್ಲಿ. ಎಲ್ಲ ಬಿಳಿ ಕಟ್ಟಡಗಳ ನಡುವೆ ಅದೊಂದು ಬಣ್ಣಬಣ್ಣದ್ದು. ಸರ್ವಧರ್ಮ ಸಮ್ಮೇಳನ ನಡೆದದ್ದು ಅಲ್ಲಿಂದ ಮೈಲಿಗಟ್ಟಲೆ ದೂರ, ಮಿಷಿಗನ್ ಅವೆನ್ಯೂದಲ್ಲಿ, ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯ ಇರುವ ಕಟ್ಟಡದಲ್ಲಿ. ಕನ್ನಡ ಓದುಗರಿಗೆ ಹತ್ತಿರವಾಗಲಿ ಎಂದು ಸೇರಿಸಿದ್ದೀರಿ, ಅರ್ಥವಾಗುತ್ತದೆ. ನಿಜವಾದ ನಂಟೇ ಅದಕ್ಕಿಂತ ಚೆನ್ನಾಗಿದೆ. ಈ ಸಂಸ್ಥೆ 1894ರಲ್ಲಿ ಮುಗಿಸಿದ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡವನ್ನು 1972ರಲ್ಲಿ ಕೆಡವಿದಾಗ ಅದರ ವಹಿವಾಟಿನ ಹಾಲ್ ಅನ್ನು ಬಿಡಿಬಿಡಿಯಾಗಿ ತೆಗೆದಿಟ್ಟು, ಇದೇ ಆರ್ಟ್ ಇನ್‌ಸ್ಟಿಟ್ಯೂಟ್ ಒಳಗೆ ಮತ್ತೆ ಜೋಡಿಸಿದರು. ವಿವೇಕಾನಂದರ ಜಾಗ ನೋಡಲೆಂದು ಅಲ್ಲಿಗೆ ಹೋಗುವ ನಮ್ಮವರು ಅದೇ ಸಂಗ್ರಹಾಲಯದೊಳಗೆ ಇನ್ನಷ್ಟು ದೂರ ನಡೆದರೆ ಆ ಹಾಲ್‌ನಲ್ಲಿ ನಿಲ್ಲಬಹುದು. ಗೋಡೆ ಮೇಲಿನ ಸ್ಟೆನ್ಸಿಲ್ ಚಿತ್ತಾರ, ಚಾವಣಿಯ ಬಣ್ಣದ ಗಾಜು ಎಲ್ಲ ಅಲ್ಲಿದೆ. ಇದನ್ನು ಬರೆಯಿರಿ.

ಆ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ನಿಮ್ಮ ವೃತ್ತಿಯವರಿಗೆ ಇನ್ನೊಂದು ಸಂಗತಿ ಇದೆ. ಪಕ್ಕದಲ್ಲಿ ಒಂದು ದಿನಪತ್ರಿಕೆಯ ಅಚ್ಚಿನ ಯಂತ್ರಗಳಿದ್ದವು. ಆ ಬದಿಯಲ್ಲಿ ಮರದ ಕಂಬ ಬಡಿದು ಇಳಿಸಿದರೆ ಯಂತ್ರ ಅಲುಗುತ್ತದೆ. ಆದ್ದರಿಂದ ಆ ಒಂದು ಗೋಡೆಯ ಕೆಳಗೆ ಮಾತ್ರ ಬಾವಿ ತೋಡಿದಂತೆ ಆಳಕ್ಕೆ ತೋಡಿ ಕಾಂಕ್ರೀಟ್ ತುಂಬಿಸಿದರು. ಶಿಕಾಗೊದ ಎತ್ತರದ ಕಟ್ಟಡಗಳು ಮುಂದೆ ಹಿಡಿದದ್ದು ಈ ದಾರಿಯನ್ನೇ. ಪಕ್ಕದ ಮನೆಯವರಿಗೆ ತೊಂದರೆಯಾಗದಿರಲಿ ಎಂದು ಕಂಡುಕೊಂಡ ಉಪಾಯ ಊರಿಗೇ ಪಾಯವಾಯಿತು. ನಿಮ್ಮ ಲೇಖನದಲ್ಲಿ ಈ ಕಟ್ಟಡಕ್ಕೆ ಸಿಕ್ಕಿರುವುದು ‘ಸುಂದರ ಕಮಾನಿನ ಹೆಬ್ಬಾಗಿಲು’ ಎಂಬ ಮೂರು ಪದ.

ಕೆಡವಿದ್ದರ ಬಗ್ಗೆ ನೀವು ಬರೆದದ್ದು ಹೀಗೆ: “ದುರದೃಷ್ಟವಶಾತ್ ಅನೇಕ ಕಟ್ಟಡಗಳು ಇಂದು ಉಳಿದಿಲ್ಲ.” ಇದೊಂದೇ ಸಾಲು. ಆದರೆ ಈ ಸಂಸ್ಥೆಯ ಕೆಲಸವನ್ನು ಇಂದು ನಾವು ಪಟ್ಟಿಯಾಗಿ ನೋಡಲು ಆಗುತ್ತಿರುವುದೇ ಅದನ್ನು ಕೆಡವುವಾಗ ಕ್ಯಾಮೆರಾ ಹಿಡಿದು ನಿಂತ ಒಬ್ಬರಿಂದ. ರಿಚರ್ಡ್ ನಿಕೆಲ್ 1950ರ ದಶಕದಲ್ಲಿ ವಿದ್ಯಾರ್ಥಿಯಾಗಿ ಈ ಕಟ್ಟಡಗಳನ್ನು ಹುಡುಕಿ ಫೋಟೊ ತೆಗೆಯಲು ಹೊರಟರು. ಅವುಗಳಲ್ಲೊಂದಾದ ಗ್ಯಾರಿಕ್ ಥಿಯೇಟರ್ ಉಳಿಸಲು ಫಲಕ ಹಿಡಿದು ಬೀದಿಯಲ್ಲಿ ನಿಂತರು. 1961ರಲ್ಲಿ ಅದು ಹೋಯಿತು. ಆಮೇಲೆ ಉರುಳುವ ಕಟ್ಟಡಗಳೊಳಗೆ ತಾವೇ ನುಗ್ಗಿ, ಚಿತ್ತಾರದ ತುಂಡುಗಳನ್ನು ಕಿತ್ತು ಹೊತ್ತು ತಂದರು. 1972ರ ಏಪ್ರಿಲ್‌ನಲ್ಲಿ, ಅರ್ಧ ಕೆಡವಿದ್ದ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಒಬ್ಬರೇ ಇದ್ದಾಗ ಕಟ್ಟಡ ಅವರ ಮೇಲೆ ಕುಸಿಯಿತು. ದೇಹ ಸಿಕ್ಕಿದ್ದು ಸುಮಾರು ನಾಲ್ಕು ವಾರದ ನಂತರ. ಅವರು ಶುರು ಮಾಡಿದ ಪಟ್ಟಿ ಪುಸ್ತಕವಾಗಿ ಹೊರಬಂದದ್ದು 2010ರಲ್ಲಿ. ನೀವು ‘14 ಪ್ರಮುಖ ಕಟ್ಟಡಗಳು’ ಎಂದು ಬರೆಯುವಾಗ ಆ ಪಟ್ಟಿಗೆ ತೆತ್ತ ಬೆಲೆ ಓದುಗರಿಗೆ ತಿಳಿಯಬೇಡವೇ?

ಆಡ್ಲರ್ ಅವರ ತಂದೆ ರಬ್ಬಿಯಾಗಿದ್ದ ಯಹೂದಿ ಸಭೆಗೆ ಮಗ ಮತ್ತು ಸಲಿವನ್ ಸೇರಿ ಕಟ್ಟಿಕೊಟ್ಟ ಪ್ರಾರ್ಥನಾಲಯವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. 1922ರಲ್ಲಿ ಅದು ಕಪ್ಪು ಜನರ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚ್ ಆಯಿತು. ಥಾಮಸ್ ಡಾರ್ಸಿ ಅಲ್ಲಿ ಸಂಗೀತ ನಡೆಸಿದರು. ಗಾಸ್ಪೆಲ್ ಎಂಬ ಚರ್ಚಿನ ಭಕ್ತಿ ಹಾಡು ಬೆಳೆದ ಮನೆ ಎಂದು ಅದನ್ನು ಇಂದಿಗೂ ನೆನೆಯುತ್ತಾರೆ. ದನಿಗಾಗಿ ಕಟ್ಟುವುದನ್ನು ಬಲ್ಲವರು ಕಟ್ಟಿದ ಜಾಗದಲ್ಲಿ ಒಂದು ಹೊಸ ಹಾಡೇ ಬೆಳೆಯಿತು. 2006ರ ಜನವರಿಯಲ್ಲಿ ಮಾಡು ರಿಪೇರಿ ನಡೆಯುತ್ತಿದ್ದಾಗ ಬೆಂಕಿ ಹತ್ತಿ ಗೋಡೆಗಳಷ್ಟೇ ಉಳಿದವು. ಅದೇ ವರ್ಷ ಈ ಸಂಸ್ಥೆಯ ಇನ್ನೆರಡು ಕಟ್ಟಡಗಳೂ ಬೆಂಕಿಗೆ ಹೋದವು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. “ಈ ಕಟ್ಟಡವು ನಗರದ ಹೃದಯದಲ್ಲಿ ಹೆಮ್ಮೆಯಿಂದ ನಿಂತಿದೆ”, “ಸಮಯದ ಪರೀಕ್ಷೆಯನ್ನು ಎದುರಿಸಿದೆ” ಇಂಥ ಸಾಲುಗಳು ಇಂಗ್ಲಿಷ್‌ನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದವು. ಸೈಟಿನಲ್ಲಿ ಮೇಸ್ತ್ರಿಯ ಜೊತೆ ಮಾತಾಡುವಾಗ ನೀವು ‘ಪಾಯ ಕೂತಿದೆ’, ‘ತೊಲೆ ಬಾಗಿದೆ’ ಎನ್ನುತ್ತೀರಲ್ಲ, ಆ ಕನ್ನಡ ಸಾಕು. ‘ಭೂಸ್ಥಿರತಾ ವ್ಯತ್ಯಯ’ ಎಂದು ಬರೆದಿದ್ದೀರಿ. ಅದು ಯಾರ ಬಾಯಲ್ಲೂ ಇಲ್ಲ. ‘ಟೆರಾಕೋಟಾ’ ಎಂದೇ ಬರೆಯಿರಿ, ಅಚ್ಚಿನಲ್ಲಿ ಒತ್ತಿ ಸುಟ್ಟ ಮಣ್ಣು ಎಂದು ಒಮ್ಮೆ ಹೇಳಿದರೆ ಸಾಕು. ಗ್ಯಾರಂಟಿ ಕಟ್ಟಡದ ಹೊರಮೈ ಪೂರ್ತಿ ಅದರದ್ದೇ.

ಮುಂದಿನ ಪ್ರತಿಯಲ್ಲಿ ಮೂರು ಕಟ್ಟಡ ಸಾಕು: ಆಡಿಟೋರಿಯಮ್, ವೇನ್‌ರೈಟ್, ಸ್ಟಾಕ್ ಎಕ್ಸ್‌ಚೇಂಜ್. ಉಳಿದವು ಇವುಗಳ ಪಕ್ಕ ಒಂದೊಂದು ಸಾಲಿನಲ್ಲಿ ಬರಲಿ. ಇಬ್ಬರೂ ಬೇರೆಯಾದ ಕಥೆಯನ್ನು ಬಿಡಬೇಡಿ. 1893ರ ಹಣಕಾಸಿನ ಕುಸಿತದಿಂದ ಕೆಲಸ ನಿಂತುಹೋಗಿ, ಸಂಸಾರಸ್ಥ ಆಡ್ಲರ್ ಲಿಫ್ಟ್ ಕಂಪನಿಯೊಂದರ ನೌಕರಿಗೆ ಹೋದರು. ಒಂದು ವರ್ಷದೊಳಗೆ ವಾಪಸ್ ಬಂದರು, ಆದರೆ ಸಲಿವನ್ ಮತ್ತೆ ಜೊತೆ ಸೇರಲಿಲ್ಲ. ಆಡ್ಲರ್ 1900ರಲ್ಲಿ ತೀರಿಕೊಂಡರು. ಸಲಿವನ್ ಆಡಿಟೋರಿಯಮ್ ಗೋಪುರದ ಮೇಲಿದ್ದ ಅದೇ ಕಚೇರಿಯಲ್ಲಿ, ಕೆಲಸ ಕಡಿಮೆಯಾಗುತ್ತ, ಬಾಡಿಗೆ ಕಟ್ಟಲಾಗದೆ 1918ರಲ್ಲಿ ಬಿಡುವವರೆಗೂ ಕೂತಿದ್ದರು. ಆಡ್ಲರ್ ಕಬ್ಬಿಣದ ಗಟ್ಟಿ ಪೇರಿಸಿ ಕೂರಿಸಿದ ಪಾಯದ ಮೇಲೆಯೇ ಆ ಗೋಪುರ ನಿಂತಿತ್ತು.

ಬರೆಯುವ ಮೊದಲು ಇನ್ನೊಮ್ಮೆ ಆ ಲಾಬಿಗೆ ಹೋಗಿ ಬನ್ನಿ. ಇಳಿಜಾರು ಎಲ್ಲಿ ಶುರುವಾಗುತ್ತದೆ, ಎಷ್ಟು ಹೆಜ್ಜೆ ಇದೆ ಎಂದು ನೋಡಿಕೊಂಡು, ಮೊದಲ ಪ್ಯಾರಾವನ್ನು ಅಲ್ಲಿಂದ ಶುರು ಮಾಡಿ. 1,800 ಪದಗಳ ಒಳಗಿರಲಿ. ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ