ರಾಜಾ ಬೇಡ, ಆಂಪ್ಯುಲೇರಿಯಾ ತನ್ನಿ

ಪ್ರಶ್ನೆ: ಎರಡು ವರ್ಷಗಳಿಂದ ಎಲೆಯ ತುದಿಯ ಹೂಜಿಯಂಥ ಚೀಲದಲ್ಲಿ ಕೀಟ ಹಿಡಿಯುವ ನೆಪೆಂಥಿಸ್ ವೆಂಟ್ರಾಟಾ ಎಂಬ ಹೂಜಿ ಗಿಡವನ್ನು ಬೆಳೆಸುತ್ತಿದ್ದೇನೆ. ಕೀಟಾಹಾರಿ ಸಸ್ಯಗಳ ಸಂಗ್ರಹವನ್ನು ವಿಸ್ತರಿಸುವ ಆಸೆಯಿದ್ದು, ದೈತ್ಯ ಗಾತ್ರದ ನೆಪೆಂಥಿಸ್ ರಾಜಾದ ಮೇಲೆ ಕಣ್ಣಿದೆ. ಅದನ್ನೇ ತರಬಹುದೇ? ತಮಗೆ ಅಚ್ಚುಮೆಚ್ಚಿನ ಪ್ರಭೇದಗಳು ಯಾವುವು?

ಉತ್ತರ: ಎರಡು ಲೀಟರಿಗೂ ಮಿಕ್ಕಿ ನೀರು ಹಿಡಿಯಬಲ್ಲ ಹೂಜಿಯನ್ನು ಕಂಡ ಯಾರಿಗಾದರೂ ರಾಜಾದ ಮೋಹ ಹುಟ್ಟುವುದು ಸಹಜ. ಆದರೆ ಅದು ಬೋರ್ನಿಯೋದ ಕಿನಾಬಾಲು ಮತ್ತು ನೆರೆಯ ತಂಬುಯುಕಾನ್ ಬೆಟ್ಟಗಳಲ್ಲಿ, 1,500 ಮೀಟರಿಗೂ ಹೆಚ್ಚಿನ ಎತ್ತರದ ತಂಪಿನಲ್ಲಿ ಮಾತ್ರ ಸಹಜವಾಗಿ ಬೆಳೆಯುವ, ಬೆಳವಣಿಗೆಯಲ್ಲಿ ತೀರ ನಿಧಾನಿಯಾದ ಗಿಡ. ರಾತ್ರಿಯ ಸೆಕೆ ಅದಕ್ಕೆ ಆಗಿಬರುವುದಿಲ್ಲ. ಆದ್ದರಿಂದ ಪ್ರಭೇದವನ್ನು ಆರಿಸುವ ಮುನ್ನ, ಗಿಡವಿಡುವ ಜಾಗದಲ್ಲಿ ರಾತ್ರಿಯ ಉಷ್ಣಾಂಶ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಕೆಲವು ದಿನ ಬರೆದಿಟ್ಟುಕೊಳ್ಳಿ.

ಅದು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿದ್ದರೆ ನನ್ನ ಮೊದಲ ಆಯ್ಕೆ ನೆಪೆಂಥಿಸ್ ಆಂಪ್ಯುಲೇರಿಯಾ. ಇತರ ಪ್ರಭೇದಗಳಲ್ಲಿ ಮಳೆನೀರನ್ನು ತಡೆಯುವಂತೆ ಹೂಜಿಯ ಬಾಯಿಗೆ ಚಾಚಿಕೊಂಡಿರುವ ಮುಚ್ಚಳ ಇದರಲ್ಲಿ ಕಿರಿದಾಗಿ ಹಿಂದಕ್ಕೆ ಬಾಗಿರುವುದರಿಂದ, ನೆಲದ ಮೇಲೆ ಗುಂಪುಗುಂಪಾಗಿ ಕುಳಿತ ದುಂಡನೆಯ ಹೂಜಿಗಳೊಳಗೆ ಮರದ ತರಗೆಲೆಗಳು ನೇರವಾಗಿ ಉದುರುತ್ತವೆ. ಅವು ಕೊಳೆತಾಗ ಬಿಡುಗಡೆಯಾಗುವ ಸಾರಜನಕದಿಂದಲೂ ಈ ಗಿಡ ಪೋಷಣೆ ಪಡೆಯುತ್ತದೆ. ಕೀಟಾಹಾರಿಗಳ ಕುಲದಲ್ಲಿ ಹುಟ್ಟಿ ಅರೆಸಸ್ಯಾಹಾರಿಯಾದ ಇದರ ಮೇಲೆ ನನಗೆ ಪಕ್ಷಪಾತವಿದೆ ಎಂದರೂ ಸರಿಯೇ. ಇದರ ಜೊತೆಗೆ ನಿಲ್ಲಬಲ್ಲದ್ದು ನೆಪೆಂಥಿಸ್ ಬೈಕ್ಯಾಲ್ಕರೇಟಾ. ಮುಚ್ಚಳದ ಬುಡದಿಂದ ಎರಡು ಕೋರೆಹಲ್ಲುಗಳು ಇಳಿಬಿಟ್ಟಂತೆ ಕಾಣುವ ಈ ಬೋರ್ನಿಯೋ ಗಿಡದ ಟೊಳ್ಳು ಬಳ್ಳಿಕುಡಿಗಳಲ್ಲಿ ಒಂದು ಜಾತಿಯ ಇರುವೆ ಮನೆ ಮಾಡಿಕೊಂಡು, ಹೂಜಿಯ ರಸದಲ್ಲಿ ಈಜಿ ಬೇಟೆಯನ್ನು ಮೇಲೆತ್ತಿಕೊಂಡು ಬರುತ್ತದೆ. ಆದರೆ ಇದು ದೊಡ್ಡದಾಗಿ ಬೆಳೆಯುವುದರಿಂದ ಜಾಗವನ್ನು ಅಳೆದು ತನ್ನಿ.

ರಾತ್ರಿಗಳು 12ರಿಂದ 15 ಡಿಗ್ರಿಗೆ ಇಳಿಯುವುದಾದರೆ ನಡು ಹಿಸುಕಿದಂತೆ ಕಿರಿದಾಗಿರುವ ಹೂಜಿಗಳ ನೆಪೆಂಥಿಸ್ ವೆಂಟ್ರಿಕೋಸಾ ಒಳ್ಳೆಯದು. ಮಿಶ್ರತಳಿಯಾದ ನಿಮ್ಮ ವೆಂಟ್ರಾಟಾದ ಹೆತ್ತವರಲ್ಲಿ ಇದೂ ಒಂದು. ದಿನವಿಡೀ ಬಿಸಿಲು, ಚಳಿಗಾಲದಲ್ಲಿ ಮೂರು-ನಾಲ್ಕು ತಿಂಗಳ ಕೊರೆಯುವ ಚಳಿ ಇರುವೆಡೆಯಲ್ಲಿ ಮಾತ್ರ ಉತ್ತರ ಅಮೆರಿಕದ ಸರಸೇನಿಯಾ ಎಂಬ ಬೇರೊಂದು ಕುಲದ ಹೂಜಿ ಗಿಡಗಳನ್ನು ಯೋಚಿಸಬೇಕು. ಅವುಗಳಲ್ಲಿ ಬಿಳಿಯ ನೆತ್ತಿಯ ಮೇಲೆ ಕೆಂಪು ನರಗಳು ಹರಡಿದ ಲ್ಯೂಕೋಫಿಲ್ಲಾಕ್ಕೆ ಸಮನಾದ ಚೆಲುವು ಇನ್ನೊಂದಿಲ್ಲ.

ರಾಜಾವನ್ನು ಬಿಡಲಾರೆನೆಂದರೆ ಒಂದು ಮಾತು ನೆನಪಿಡಿ: ಅದು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲ ಅನುಬಂಧದಲ್ಲಿ, ಅಂದರೆ ಅತ್ಯಂತ ಕಟ್ಟುನಿಟ್ಟಿನ ರಕ್ಷಣೆಯ ಪಟ್ಟಿಯಲ್ಲಿ, ಇರುವುದರಿಂದ, ನರ್ಸರಿಯಲ್ಲಿ ಬೆಳೆಸಿದ್ದೆಂಬ ದಾಖಲೆಯಿಲ್ಲದ ಗಿಡವನ್ನು ಕೊಳ್ಳಬಾರದು.

ಯಾವುದನ್ನೇ ತಂದರೂ ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರನ್ನೇ ಹಾಕಿ, ಕುಂಡಕ್ಕೆ ಗೊಬ್ಬರ ಹಾಕಬೇಡಿ. ಸ್ಥಳ ಬದಲಾದ ಗಿಡದ ಹಳೆಯ ಹೂಜಿಗಳು ಮೊದಲ ವಾರಗಳಲ್ಲಿ ಒಣಗುವುದುಂಟು, ಅದು ರೋಗವಲ್ಲ. ಹೊಸ ಎಲೆಯ ತುದಿಯ ಕುಡಿಯಲ್ಲಿ ಮೊಗ್ಗಿನಂಥ ಉಬ್ಬು ಕಾಣಿಸಿತೆಂದರೆ ಗಿಡ ಹೊಸ ಜಾಗಕ್ಕೆ ಒಗ್ಗಿದೆ ಎಂದು ತಿಳಿಯಬಹುದು.